ಗೋಡೆಗೆ ನೀರು ಹಾಕುವವರು ಯಾರು?

ಸಿಮೆಂಟಿನ ಗೋಡೆ ಎದ್ದ ಮೇಲೆ ಕನಿಷ್ಠ ಏಳು ದಿನ ಅದಕ್ಕೆ ನೀರು ಹಾಕಬೇಕು. ಕಾಂಕ್ರೀಟಿಗೆ ಲೆಕ್ಕದ ಬಲ ಬಂತೇ ಎಂದು ನೋಡುವುದು 28 ದಿನಕ್ಕೆ. ನಮ್ಮೂರಿನ ಯಾವ ಗಾರೆ ಮೇಸ್ತ್ರಿಯನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಅಮೆರಿಕದ ಚರ್ಚುಗಳಿಂದ ಹೊರದೇಶಗಳಿಗೆ ಹೊರಡುವ ಅಲ್ಪಾವಧಿ ಮಿಷನ್ ಯಾತ್ರೆಯ ಸರಾಸರಿ ಅವಧಿ 2005ರ ಲೆಕ್ಕದಂತೆ ಎಂಟು ದಿನ. ಹೋಗಿಬರುವ ಪ್ರಯಾಣಕ್ಕೆ ಎರಡು ದಿನ, ಭಾನುವಾರದ ಆರಾಧನೆಗೆ ಒಂದು ದಿನ, ಊರು ನೋಡಲು ಇನ್ನೊಂದು ದಿನ ಕಳೆದರೆ ಕೈಯಲ್ಲಿ ಕರಣೆ ಹಿಡಿಯಲು ಉಳಿಯುವುದು ನಾಲ್ಕು ದಿನ. ಗೋಡೆ ನೀರು ಕುಡಿದು ಮುಗಿಸುವ ಮುನ್ನವೇ ಅದನ್ನು ಕಟ್ಟಿದವರು ತಮ್ಮ ಮನೆ ಸೇರಿರುತ್ತಾರೆ.

ಆದರೂ ಈ ಯಾತ್ರೆಗಳ ಬಗ್ಗೆ ಚರ್ಚುಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಹೊಗಳಿಕೆಯೇ. ತಿಂಗಳುಗಟ್ಟಲೆ ಕಾರು ತೊಳೆದು, ಕೇಕು ಮಾರಿ, ನೆಂಟರಿಷ್ಟರಿಗೆ ಪತ್ರ ಬರೆದು ಮಕ್ಕಳು ಹಣ ಕೂಡಿಸುತ್ತಾರೆ. ಹೊರಡುವ ಭಾನುವಾರ ಒಂದೇ ಬಣ್ಣದ ಟಿ-ಶರ್ಟ್ ತೊಟ್ಟ ತಂಡವನ್ನು ಸಭೆಯ ಮುಂದೆ ನಿಲ್ಲಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸುತ್ತಾರೆ. ಮರಳಿದ ಮೇಲೆ ಪರದೆಯ ಮೇಲೆ ಚಿತ್ರಗಳು, ಒಬ್ಬೊಬ್ಬರ ಸಾಕ್ಷಿ, ಕೇಳಿದವರ ಕಣ್ಣಲ್ಲಿ ನೀರು. ಬಡದೇಶದಲ್ಲಿ ದೇವರ ಮನೆ ಕಟ್ಟಿ ಬಂದವರಲ್ಲವೇ, ಕೈ ಪಳಗಿರದಿದ್ದರೇನು, ಮನಸ್ಸು ದೊಡ್ಡದು ಎಂದು ಎಲ್ಲರೂ ತಲೆದೂಗುತ್ತಾರೆ.

ಆ ತಲೆದೂಗುವಿಕೆಯ ವಿರುದ್ಧ ಈ ಲೇಖನ. ಆ ಮಕ್ಕಳ ವಿರುದ್ಧ ನನಗೆ ಏನೂ ಇಲ್ಲ. ಅವರ ಬೆವರು ನಿಜ, ಪ್ರೀತಿಯೂ ನಿಜ. ಅವರನ್ನು ಕಳಿಸುವ ಹಿರಿಯರ ಲೆಕ್ಕ ತಪ್ಪು. ಒಂದು ಊರಿನಲ್ಲಿ ಕೆಲಸ ಬಲ್ಲ ಕೈಗಳು ಕೆಲಸವಿಲ್ಲದೆ ಕೂತಿರುವಾಗ, ಸಮುದ್ರ ದಾಟಿಸಿ ತಂದ ಕೆಲಸ ಬಾರದ ಕೈಗಳಿಗೆ ಆ ಕೆಲಸ ಕೊಡುವುದು ಸೇವೆಯಾಗಲಾರದು. ಅದು ಬಡವರ ಊರಿನಲ್ಲಿ ಸಿರಿವಂತರು ನಡೆಸುವ ಶಿಬಿರ. ಅದರ ಖರ್ಚನ್ನು ಬಡವರ ಹೆಸರಿನಲ್ಲಿ ಎತ್ತಲಾಗುತ್ತಿದೆ.

ಇದು ಎಲ್ಲೋ ಒಂದೆರಡು ಚರ್ಚುಗಳ ಸಂಗತಿಯೂ ಅಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ ರಾಬರ್ಟ್ ವುತ್ನೋ ಅವರ ಅಂದಾಜಿನಂತೆ 2005ರ ಒಂದೇ ವರ್ಷದಲ್ಲಿ ಸುಮಾರು 16 ಲಕ್ಷ ಅಮೆರಿಕನ್ನರು ಇಂಥ ಯಾತ್ರೆಗಳಿಗೆ ಹೊರದೇಶಕ್ಕೆ ಹೋಗಿದ್ದರು. ಎಲ್ಲರೂ ಕಟ್ಟಲು ಹೋದವರಲ್ಲ. ವೈದ್ಯ ಶಿಬಿರಕ್ಕೆ, ಮಕ್ಕಳಿಗೆ ಕಥೆ ಹೇಳಲು, ಸುವಾರ್ತೆ ಸಾರಲು ಹೋದವರೂ ಇದ್ದಾರೆ. ಆದರೆ ಕಟ್ಟಡದ ಕೆಲಸ ಈ ಯಾತ್ರೆಗಳ ಮೆಚ್ಚಿನ ಕೆಲಸ. ಏಕೆಂದರೆ ಅದಕ್ಕೆ ಭಾಷೆ ಬೇಡ, ಮತ್ತು ಸಂಜೆ ಹೊತ್ತಿಗೆ ಗೋಡೆ ಒಂದು ಮೊಳ ಎದ್ದಿರುವುದು ಚಿತ್ರದಲ್ಲಿ ಕಾಣುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡದ ಕ್ರೈಸ್ತ ಕುಟುಂಬಗಳಿಗೂ ಈ ಕರೆ ಬಂದೇ ಬರುತ್ತದೆ. ಮಗ ಅಥವಾ ಮಗಳು ಬಂದು, ಅಮ್ಮಾ, ನಾನೂ ಹೋಗಲೇ ಎಂದು ಕೇಳಿದಾಗ ಏನು ಹೇಳಬೇಕು ಎಂಬುದು ದೂರದ ಪ್ರಶ್ನೆಯಲ್ಲ.

ಹೊಂಡುರಾಸ್ ದೇಶವನ್ನೇ ತೆಗೆದುಕೊಳ್ಳೋಣ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಮೇಲೆ ಬಿದ್ದಿತು. ದಿನಗಟ್ಟಲೆ ಸುರಿದ ಮಳೆಗೆ ಬೆಟ್ಟಗಳು ಕುಸಿದವು. ರಾಜಧಾನಿ ತೆಗುಸಿಗಾಲ್ಪಾದಲ್ಲಿ ಚೋಲುತೆಕಾ ನದಿ ಉಕ್ಕಿ ಕೇರಿಗಳನ್ನೇ ಕೊಚ್ಚಿಕೊಂಡು ಹೋಯಿತು. ಹೊಂಡುರಾಸ್ ಒಂದರಲ್ಲೇ ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಆಮೇಲೆ ಉತ್ತರ ಅಮೆರಿಕದ ಚರ್ಚುಗಳಿಂದ ತಂಡದ ಮೇಲೆ ತಂಡ ಬಂದು ಮನೆ ಕಟ್ಟಿಕೊಟ್ಟವು. ಅದೇ ಹೊತ್ತಿಗೆ ಹೊಂಡುರಾಸಿನದೇ ಕ್ರೈಸ್ತ ಸಂಸ್ಥೆಗಳು ಸ್ಥಳೀಯರನ್ನು ಕಟ್ಟಿಕೊಂಡು ಅಂಥವೇ ಮನೆಗಳನ್ನು ಕಟ್ಟಿಸಿದವು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಕರ್ಟ್ ವರ್ ಬೀಕ್. ಅವರು ಚರ್ಚಿನ ವಿರೋಧಿಯಲ್ಲ. ಅಮೆರಿಕದ ಒಂದು ಕ್ರೈಸ್ತ ಕಾಲೇಜಿನ ಅಧ್ಯಾಪಕರು, ಹೊಂಡುರಾಸಿನಲ್ಲೇ ಮನೆ ಮಾಡಿ ಬದುಕಿದವರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳಿದ್ದು ಇಷ್ಟು: ಬಂದುಹೋದ ಒಂದು ತಂಡಕ್ಕೆ ಯಾತ್ರೆ, ಮನೆ ಎಲ್ಲ ಸೇರಿ ಸರಾಸರಿ 30,000 ಡಾಲರ್ ಖರ್ಚು, ಅಂಥದೇ ಮನೆ ಸ್ಥಳೀಯ ಸಂಸ್ಥೆಯ ಕೈಯಲ್ಲಿ ಸುಮಾರು 2,000 ಡಾಲರಿಗೆ ಏಳುತ್ತಿತ್ತು. ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ ಯಾರು ಕಟ್ಟಿದರು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಹದಿನೈದು ಕುಟುಂಬಗಳಿಗೆ ಸೂರು ಆಗಬಹುದಾಗಿದ್ದ ಹಣ ಒಂದೇ ಸೂರಾಯಿತು. ಉಳಿದ ಹದಿನಾಲ್ಕು ವಿಮಾನದ ಟಿಕೆಟ್ಟು, ವಸತಿ, ಬಾಡಿಗೆ ವ್ಯಾನುಗಳಲ್ಲಿ ಕರಗಿಹೋದವು. ಒಂದು ಮನೆಯ ಮುಂದೆ ತಂಡದವರು ನಗುತ್ತ ನಿಂತ ಚಿತ್ರ ನೋಡುವಾಗ, ಆ ಚಿತ್ರದಲ್ಲಿಲ್ಲದ ಹದಿನಾಲ್ಕು ಕುಟುಂಬಗಳನ್ನು ನಾವು ನೆನೆಯುವುದಿಲ್ಲ. ನೆನೆಯಬೇಕು.

ಹೊಂಡುರಾಸಿನಲ್ಲಿ ಗಾರೆ ಕೆಲಸದವರಿಗೆ ಬರವಿತ್ತೇ? ಮಿಚ್ ಬಂದುಹೋದ ಮೇಲೆ, 1999ರ ಜನವರಿಯಲ್ಲಿ ಅಮೆರಿಕ ಸರ್ಕಾರ ಆಗಲೇ ತನ್ನ ನೆಲದಲ್ಲಿದ್ದ ಹೊಂಡುರಾಸ್ ಜನರಿಗೆ ತಾತ್ಕಾಲಿಕ ರಕ್ಷಣೆ ಕೊಟ್ಟು ದುಡಿಯಲು ಅನುಮತಿ ನೀಡಿತು. ಅವರಲ್ಲಿ ಎಷ್ಟೋ ಗಂಡಸರು ದುಡಿದದ್ದು ಕಟ್ಟಡಗಳಲ್ಲೇ. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಕೊಳೆತ ಗೋಡೆ ಕಿತ್ತು, ಹಾರಿಹೋದ ಮಾಡು ಹೊದಿಸಿದವರಲ್ಲಿ ಹೊಂಡುರಾಸಿನವರು ಬಹಳ ಮಂದಿ. 2018ರ ಅಕ್ಟೋಬರಿನಲ್ಲಿ ಸಾನ್ ಪೆದ್ರೋ ಸುಲಾದಿಂದ ಸಾವಿರಾರು ಜನ ಮಕ್ಕಳುಮರಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಅಮೆರಿಕದ ಗಡಿಯತ್ತ ಹೊರಟದ್ದನ್ನು ಲೋಕವೆಲ್ಲ ನೋಡಿತು. ಹೆದರಿಕೆಯ ಜೊತೆಗೆ ಅವರನ್ನು ನಡೆಸಿದ್ದು ಕೆಲಸದ ಹಸಿವು. ಕೆಲಸ ಬಲ್ಲವನು ಕೂಲಿ ಹುಡುಕಿಕೊಂಡು ಪ್ರಾಣ ಒತ್ತೆಯಿಟ್ಟು ಉತ್ತರಕ್ಕೆ ನಡೆಯುತ್ತಾನೆ. ಕೆಲಸ ಅರಿಯದವರು ಹಣ ಕೊಟ್ಟು ದಕ್ಷಿಣಕ್ಕೆ ಹಾರಿ ಅವನ ಊರಿನಲ್ಲಿ ಇಟ್ಟಿಗೆ ಇಡುತ್ತಾರೆ. ಅವನ ಕೂಲಿಯನ್ನು ಅವನ ಊರಿಗೇ ಕಳಿಸಿದ್ದರೆ ಉತ್ತರಕ್ಕೆ ಹೊರಟವರಲ್ಲಿ ಒಬ್ಬನಾದರೂ ಮನೆಯಲ್ಲೇ ಉಳಿಯುತ್ತಿದ್ದನೇನೋ ಎಂಬ ಪ್ರಶ್ನೆ ಕಳಿಸುವ ಚರ್ಚನ್ನು ಕಾಡಬೇಕಲ್ಲವೇ?

ಕೂಲಿಯ ಮಾತು ಹಾಗಿರಲಿ, ಕಟ್ಟಿದ್ದಾದರೂ ಬೇಕಾದದ್ದೇ? ಮೆಕ್ಸಿಕೋದ ಒಂದು ಚರ್ಚಿಗೆ ಒಂದೇ ಬೇಸಿಗೆಯಲ್ಲಿ ಆರು ತಂಡಗಳು ಬಂದು ಆರು ಸಲ ಬಣ್ಣ ಬಳಿದವು. ಎಕ್ವಡಾರಿನಲ್ಲಿ ಒಂದು ಚರ್ಚು ಕಟ್ಟಿ ಮುಗಿಸಿದ ಮೇಲೆ ಊರಿನವರು ಅದು ತಮಗೆ ಬೇಕಿರಲಿಲ್ಲ ಎಂದರು. ಅದರ ಬಾಗಿಲು ಆರಾಧನೆಗೆ ತೆರೆಯಲೇ ಇಲ್ಲ. ಬ್ರೆಜಿಲಿನ ಒಂದು ಅನಾಥಾಲಯದಲ್ಲಿ ಮಕ್ಕಳು ಚೆಂಡಾಡುವ ಬಯಲಿಗೆ ಅಡ್ಡವಾಗಿ ಗೋಡೆ ಎದ್ದಿತು. ಬಂದವರು ಹೋದ ಮೇಲೆ ಕೆಡವಬೇಕಾಯಿತು. ಇವು 2008ರಲ್ಲೇ ಅಮೆರಿಕದ ಪತ್ರಿಕೆಯಲ್ಲಿ ಅಚ್ಚಾದ ಸಂಗತಿಗಳು. ಶಾಲಾ ದಿನಗಳಲ್ಲಿ ತಾಂಜಾನಿಯಾಕ್ಕೆ ಹೋಗಿ ಗ್ರಂಥಾಲಯ ಕಟ್ಟಲು ಕೈಹಾಕಿದ ಪಿಪ್ಪಾ ಬಿಡ್ಲ್ ಎಂಬ ತರುಣಿ 2014ರಲ್ಲಿ ಬರೆದದ್ದು ಇನ್ನೂ ಚುಚ್ಚುವಂಥದು. ತಾನೂ ಗೆಳತಿಯರೂ ಹಗಲು ಸೊಟ್ಟಗೆ ಇಟ್ಟ ಇಟ್ಟಿಗೆಗಳನ್ನು ಊರಿನ ಗಂಡಸರು ರಾತ್ರಿ ಕಿತ್ತು ನೆಟ್ಟಗೆ ಇಡುತ್ತಿದ್ದರು, ಬೆಳಗ್ಗೆ ಎದ್ದಾಗ ತಮಗೆ ತಿಳಿಯದಿರಲಿ ಎಂದು. ಅದು ಚರ್ಚಿನ ಯಾತ್ರೆಯಲ್ಲ, ಆದರೆ ಕಥೆ ಒಂದೇ. ಆ ಗಂಡಸರು ಒಂದೇ ಗೋಡೆಯನ್ನು ಮತ್ತೆ ಕಟ್ಟಿದರು. ಅತಿಥಿಯ ಮನಸ್ಸು ನೋಯಬಾರದೆಂಬ ಎಚ್ಚರವನ್ನೂ ಹೊತ್ತರು. ಸೇವೆ ನಿಜವಾಗಿ ಯಾರು ಯಾರಿಗೆ ಮಾಡಿದರು ಎಂದು ಆ ರಾತ್ರಿಯ ಕೆಲಸವೇ ಹೇಳುತ್ತದೆ.

ಈಗ ಸಮರ್ಥನೆಯ ಮಾತುಗಳಿಗೆ ಬರೋಣ.

ಮೊದಲನೆಯದು, ಅಲ್ಲಿನ ಪಾಸ್ಟರೇ ಕರೆದಿದ್ದಾರೆ, ಅಲ್ಲಿನ ಜನ ಎಷ್ಟು ಸಂತೋಷಪಟ್ಟರು ಗೊತ್ತೇ ಎಂಬ ಮಾತು. ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಗೆ ಬಂದವರ ಮುಂದೆ ನಾವು ಮುಖ ಗಂಟಿಕ್ಕುತ್ತೇವೆಯೇ? ಅಂಗಳದಲ್ಲಿದ್ದ ಒಂದೇ ಕೋಳಿಯನ್ನು ಕೊಯ್ದು ಬಡಿಸುವ ಬಡವಿಯ ನಗು ಅವಳ ಮನೆತನದ ಗೌರವ. ಅದು ನಮ್ಮ ಯೋಜನೆಗೆ ಸಿಕ್ಕ ಒಪ್ಪಿಗೆಯಾಗದು. ಇನ್ನು ಪಾಸ್ಟರ್. ಅವರ ಸಭೆಗೆ ಬರುವ ಹಣ, ಬೈಬಲ್ಲು, ಛಾವಣಿಯ ತಗಡು ಎಲ್ಲವೂ ಆ ದೊಡ್ಡ ಚರ್ಚಿನಿಂದಲೇ ಬರಬೇಕು. ಜನರನ್ನು ಕಳಿಸಬೇಡಿ, ಹಣವನ್ನಷ್ಟೇ ಕಳಿಸಿ ಎಂದು ಅವರು ಬಾಯಿಬಿಟ್ಟು ಹೇಳಬಲ್ಲರೇ? ಬೇಡ ಎನ್ನಲಾರದವರಿಂದ ಪಡೆದ ಹೌದು ಎಂಬ ಮಾತನ್ನು ಒಪ್ಪಿಗೆ ಎಂದು ಎಣಿಸುವುದು ನ್ಯಾಯವಲ್ಲ.

ಎರಡನೆಯದು, ಹೋಗಿಬಂದವರ ಬದುಕು ಬದಲಾಗುತ್ತದೆ ಎಂಬ ಮಾತು. ಬದಲಾದರೆ ಒಳ್ಳೆಯದೇ. ಆದರೆ ವರ್ ಬೀಕ್ ಇದನ್ನೂ ಕೆದಕಿ ನೋಡಿದರು. ಯಾತ್ರೆಯ ನಂತರ ದಾನ ಹೆಚ್ಚಿತು, ಪ್ರಾರ್ಥನೆ ಹೆಚ್ಚಿತು ಎಂದು ಹೇಳಿಕೊಂಡವರು ಹಲವರು. ಕಾಣಿಕೆಯ ದಾಖಲೆ ತೆರೆದಾಗ ಆ ಮಾತಿಗೆ ತಕ್ಕಷ್ಟು ಬದಲಾವಣೆ ಅಲ್ಲಿರಲಿಲ್ಲ. ಬದುಕು ಬದಲಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಒಬ್ಬ ಸಿರಿವಂತ ಹುಡುಗನಿಗೆ ತನ್ನ ಭಾಗ್ಯ ಎಷ್ಟು ದೊಡ್ಡದೆಂದು ತಿಳಿಯಲು ಇನ್ನೊಬ್ಬ ಹುಡುಗನ ಬಡತನ ಪಾಠದ ಹಲಗೆಯಾಗಬೇಕೇ? ಬಡವರ ಮಗು ಯಾರದೋ ಆತ್ಮೋನ್ನತಿಯ ಸಾಧನವಾಗಲು ಹುಟ್ಟಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು: ಮಕ್ಕಳು ಹೋಗದಿದ್ದರೆ ಆ ಹಣವೇ ಹುಟ್ಟುವುದಿಲ್ಲ; ಅಕ್ಕ ತನ್ನ ತಂಗಿಯ ಮಗನ ಯಾತ್ರೆಗೆ ನೂರು ಡಾಲರ್ ಕೊಡುತ್ತಾಳೆ, ಕಾಣದ ಹೊಂಡುರಾಸಿಗೆ ಹತ್ತು ಡಾಲರೂ ಕೊಡುವುದಿಲ್ಲ. ಇದು ನಿಜ ಎಂದು ಒಪ್ಪುತ್ತೇನೆ. ಆದರೆ ಇದು ಯಾತ್ರೆಯ ಸಮರ್ಥನೆ ಹೇಗಾಯಿತು? ಇದು ಕಳಿಸುವ ಸಭೆಯ ಮೇಲಿನ ದೂರು. ಮುಖ ಕಾಣದ ನೆರೆಯವನಿಗೆ ಕೊಡಲು ಕಲಿಸುವುದು ಚರ್ಚಿನ ಕೆಲಸವಲ್ಲದಿದ್ದರೆ ಇನ್ನಾರ ಕೆಲಸ? ಹದಿನೈದರಲ್ಲಿ ಹದಿನಾಲ್ಕು ಪಾಲು ದಾರಿಯಲ್ಲಿ ಸೋರಿದರೂ ಸರಿ, ನಮ್ಮ ಮಗ ಚಿತ್ರದಲ್ಲಿರಬೇಕು ಎಂಬ ಮನಸ್ಸನ್ನು ತಿದ್ದುವ ಬದಲು ಅದಕ್ಕೆ ತಕ್ಕಂತೆ ಸೇವೆಯನ್ನೇ ಹೊಲಿದುಕೊಟ್ಟಿದ್ದೇವೆ.

ಈ ಯಾತ್ರೆಗಳನ್ನು ಹೊರಡಿಸುವವರು ಬೈಬಲ್ಲಿನಿಂದ ಹೆಚ್ಚಾಗಿ ಎತ್ತಿಕೊಳ್ಳುವುದು ನೆಹೆಮೀಯನ ಹೆಸರನ್ನು. ದೂರದ ಶೂಷನಿನಿಂದ ಬಂದು ಯೆರೂಸಲೇಮಿನ ಬಿದ್ದ ಗೋಡೆಯನ್ನು 52 ದಿನಗಳಲ್ಲಿ ಎಬ್ಬಿಸಿದವನು ಅವನು. ಆ ಪುಸ್ತಕವನ್ನು ಪೂರ್ತಿ ಓದಿ ನೋಡಲಿ. ನೆಹೆಮೀಯನು ಬಂದು ಮೂರು ದಿನ ಸುಮ್ಮನಿದ್ದ; ಆಮೇಲೆ ಯಾರಿಗೂ ಹೇಳದೆ ರಾತ್ರಿಯಲ್ಲಿ ಗೋಡೆಯ ಸುತ್ತ ತಿರುಗಿ ಎಲ್ಲಿ ಏನು ಬಿದ್ದಿದೆ ಎಂದು ನೋಡಿದ. ಪಾರಸಿಯ ಅರಸನಿಂದ ಅವನು ಕೇಳಿ ಪಡೆದದ್ದು ಪತ್ರಗಳನ್ನು ಮತ್ತು ಮರವನ್ನು. ಕಟ್ಟಿದವರು ಊರಿನವರೇ. ಅಕ್ಕಸಾಲಿಗರೂ ಕಲ್ಲು ಹೊತ್ತರು, ಸುಗಂಧದ್ರವ್ಯ ಮಾಡುವವರೂ ಹೊತ್ತರು, ಹೆಣ್ಣುಮಕ್ಕಳೂ ದುಡಿದರು ಎಂದು ಅಲ್ಲಿದೆ. ಅವರ ಕೈಯೂ ಆ ಕೆಲಸಕ್ಕೆ ಪಳಗಿದ್ದಲ್ಲ, ನಿಜ. ಆದರೆ ಅವರಲ್ಲಿ ಹಲವರು ಎಬ್ಬಿಸಿದ್ದು ತಮ್ಮ ತಮ್ಮ ಮನೆಯ ಎದುರಿನ ಗೋಡೆಯನ್ನು. ಅದು ಬಿದ್ದರೆ ಬೀಳುವುದು ಅವರ ಮೇಲೆಯೇ. ಗೋಡೆ ಮುಗಿದ ಮೇಲೆ ನೆಹೆಮೀಯನೂ ಮರುದಿನ ಗಂಟುಮೂಟೆ ಕಟ್ಟಲಿಲ್ಲ. ಹನ್ನೆರಡು ವರ್ಷ ಆ ನಾಡಿನ ಅಧಿಕಾರಿಯಾಗಿ ಉಳಿದ.

ಅಪೊಸ್ತಲ ಪೌಲನೂ ಅದೇ ದಾರಿ ತೋರಿಸಿದ್ದಾನೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅವನು ಮಕೆದೋನ್ಯದಲ್ಲಿ, ಕೊರಿಂಥದಲ್ಲಿ ಹಣ ಕೂಡಿಸಿದ. ವಾರದ ಮೊದಲ ದಿನ ಕೈಲಾದಷ್ಟು ತೆಗೆದಿಡಿ ಎಂದು ಕೊರಿಂಥದವರಿಗೆ ಬರೆದ. ಆ ಹಣ ಕೊಂಡೊಯ್ಯಲು ಸಭೆ ಒಪ್ಪಿದ ಕೆಲವರನ್ನಷ್ಟೇ ಕಳಿಸುವ ಏರ್ಪಾಡು ಮಾಡಿದ. ಕೊರಿಂಥದ ಯುವಕರನ್ನು ಹಡಗು ಹತ್ತಿಸಿ ಯೆರೂಸಲೇಮಿನ ಮನೆಗಳಿಗೆ ಸುಣ್ಣ ಬಳಿಯಲು ಕರೆದೊಯ್ಯಲಿಲ್ಲ. ಮೋಶೆಯ ಕಾಲದಲ್ಲಿ ದೇವದರ್ಶನದ ಗುಡಾರ ಕಟ್ಟುವಾಗ ಜನರೆಲ್ಲ ಕಾಣಿಕೆ ತಂದರು. ಕುಶಲದ ಕೆಲಸವನ್ನು ಮುಂದೆ ನಿಂತು ನಡೆಸಿದವನು ಬೆಚಲೇಲ. ಅವನ ಕೈಚಳಕವನ್ನು ದೇವರಾತ್ಮದ ವರ ಎಂದೇ ಬೈಬಲ್ಲು ಕರೆಯುತ್ತದೆ. ಹಾಗಾದರೆ ಹೊಂಡುರಾಸಿನ ಮೇಸ್ತ್ರಿಯ ಕೈಯಲ್ಲಿರುವ ಕಸಬೂ ವರವೇ. ಆ ವರವನ್ನು ಬದಿಗೆ ಸರಿಸಿ, ಅವನನ್ನು ಮರಳು ಜರಡಿ ಹಿಡಿಯಲು ನಿಲ್ಲಿಸಿ, ಹದಿನಾರರ ಹುಡುಗನ ಕೈಗೆ ಕರಣೆ ಕೊಡುವುದನ್ನು ನಾನು ಅಗೌರವ ಎಂದೇ ಹೇಳುತ್ತೇನೆ.

ಹೊರಗಿನವರು ಯಾವ ಊರಿಗೂ ಬರಲೇಬಾರದೆಂದು ನನ್ನ ವಾದವಲ್ಲ. ಹಾಗೆಂದರೆ ನಮ್ಮ ಮಂಗಳೂರೇ ಎದ್ದು ಉತ್ತರ ಹೇಳುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಅಲ್ಲಿಗೆ ಬಂದರು. ಅವರ ಕಾಲ ವಸಾಹತುಶಾಹಿಯ ಕಾಲ. ಅವರ ಕೆಲಸದಲ್ಲಿ ಪ್ರಶ್ನಿಸಬೇಕಾದದ್ದು ಉಂಟು. ಆದರೆ ಅವರು ಎಂಟು ದಿನಕ್ಕೆ ಬಂದವರಲ್ಲ. ಮೊದಲು ನಮ್ಮ ಮಾತು ಕಲಿತರು. ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. 1853ರಲ್ಲಿ ಬಂದ ಕಿಟ್ಟೆಲ್ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ 41 ವರ್ಷ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದಾಗ ಮಣ್ಣು ತುಳಿದು, ಹೆಂಚು ಸುಟ್ಟು, ಕೂಲಿ ಎಣಿಸಿಕೊಂಡವರು ಊರಿನವರೇ. ಅದೇ ಊರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ ಛಾವಣಿಗಳ ಚಿತ್ರ ಬಿಡಿಸಲು ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಪಳಗಿದ ಕಲಾವಿದರು; ಆ ಕಸಬು ಇಲ್ಲಿರಲಿಲ್ಲ, ಅವರು ಅದಕ್ಕೆ ವರ್ಷಗಳನ್ನೇ ಕೊಟ್ಟರು. ಒಂದೇ ಬೇಸಿಗೆಯಲ್ಲಿ ಆರು ಸಲ ಬಣ್ಣ ಬಳಿಸಿಕೊಂಡ ಮೆಕ್ಸಿಕೋದ ಗೋಡೆಯನ್ನು ಇದರ ಪಕ್ಕ ಇಟ್ಟು ನೋಡಿ.

ಲಾರಿ ಬೇಕರ್ ಅವರನ್ನೂ ನೆನೆಯಬೇಕು. ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದ ಆ ಇಂಗ್ಲಿಷ್ ವಾಸ್ತುಶಿಲ್ಪಿ 1945ರಲ್ಲಿ ಭಾರತಕ್ಕೆ ಬಂದದ್ದು ಕುಷ್ಠರೋಗಿಗಳ ಸೇವೆಯ ಮಿಷನ್ನಿಗಾಗಿ ಕಟ್ಟಡ ಕಟ್ಟಲು. ಕೈಯಲ್ಲಿ ಪದವಿ ಇತ್ತು. ಆದರೂ ಹಿಮಾಲಯದ ಪಿಥೋರಾಗಢದಲ್ಲಿ ಕಲ್ಲು, ಮಣ್ಣು, ಮರದಿಂದ ಮನೆ ಕಟ್ಟುವ ಹಳ್ಳಿಗರನ್ನು ಕಂಡಾಗ ತಾನು ಕಲಿತದ್ದು ಸಾಲದೆಂದು ಒಪ್ಪಿಕೊಂಡು, ಅವರ ಬಳಿ ಶಿಷ್ಯನಂತೆ ಕೂತರು. ಮುಂದೆ ತಿರುವನಂತಪುರದಲ್ಲಿ ನೆಲೆಸಿ, ಕಡಿಮೆ ಖರ್ಚಿನ ಮನೆಗಳನ್ನೂ ಪ್ರಾರ್ಥನಾಲಯವನ್ನೂ ಕಟ್ಟಿದರು. ಈ ದೇಶದ ಪ್ರಜೆಯಾಗಿ 2007ರಲ್ಲಿ ಇಲ್ಲೇ ಕಣ್ಣುಮುಚ್ಚಿದರು. ಓದಿದ ಬೇಕರ್ ಮೊದಲು ಕಲಿಯಲು ಕೂತರು. ಏನೂ ಓದದ ಮಕ್ಕಳನ್ನು ನಾವು ಮೊದಲ ದಿನವೇ ಕಟ್ಟಲು ನಿಲ್ಲಿಸುತ್ತಿದ್ದೇವೆ.

ಈ ಎಚ್ಚರಿಕೆ ಹೊಸದೂ ಅಲ್ಲ. 1968ರ ಏಪ್ರಿಲಿನಲ್ಲಿ, ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳ ಸೇವೆಗೆಂದು ಸೇರಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ ನಿಂತು ಇವಾನ್ ಇಲಿಚ್ ಮುಲಾಜಿಲ್ಲದೆ ಮಾತಾಡಿದರು. ಅವರು ಆಗ ಕ್ಯಾಥೊಲಿಕ್ ಪಾದ್ರಿ. ನೋಡಲು, ಕಲಿಯಲು ಬೇಕಾದರೆ ಬನ್ನಿ, ಉದ್ಧರಿಸಲು ಬರಬೇಡಿ ಎಂಬುದು ಅವರ ಮಾತಿನ ಸಾರ. ಅರ್ಧ ಶತಮಾನ ಕಳೆದಿದೆ. ಟಿ-ಶರ್ಟಿನ ಬಣ್ಣ ಬದಲಾಗಿದೆ, ಯಾತ್ರೆ ಬದಲಾಗಿಲ್ಲ.

ಹಾಗಾದರೆ ಅಮ್ಮನ ಮುಂದೆ ನಿಂತ ಮಗನಿಗೆ ಏನು ಹೇಳಬೇಕು? ಹೋಗಬೇಕೆಂಬ ಆಸೆ ಒಳ್ಳೆಯದು, ಅದನ್ನು ಚಿವುಟಬೇಡಿ. ಆ ದೇಶ ನೋಡಬೇಕೆನಿಸಿದರೆ ನೋಡಲೆಂದೇ ಹೋಗಲಿ. ತನ್ನ ಖರ್ಚಿನಲ್ಲಿ, ಅತಿಥಿಯಾಗಿ, ಒಂದಿಷ್ಟು ಸ್ಪ್ಯಾನಿಷ್ ಕಲಿತು. ಆ ಪ್ರವಾಸವನ್ನು ಸೇವೆ ಎಂದು ಕರೆಯದಿರಲಿ, ಅದಕ್ಕಾಗಿ ಬಡವರ ಹೆಸರಿನಲ್ಲಿ ಕೈಚಾಚದಿರಲಿ. ಕಟ್ಟುವ ಆಸೆಯಿದ್ದರೆ ತನ್ನ ಊರಿನಲ್ಲೇ ಒಬ್ಬ ಮೇಸ್ತ್ರಿಯ ಕೈಕೆಳಗೆ ಎರಡು ಬೇಸಿಗೆ ಕೆಲಸ ಕಲಿಯಲಿ. ಆ ಮೇಸ್ತ್ರಿ ಹೊಂಡುರಾಸಿನವನೇ ಆಗಿರಬಹುದು. ಅವನ ಹೆಸರು, ಅವನ ಮಕ್ಕಳ ಹೆಸರು, ಅವನ ಊರಿನ ಕಥೆ ತಿಳಿದುಕೊಳ್ಳಲಿ. ವಲಸೆಯ ಕಾನೂನಿನ ಮುಂದೆ ಅವನಿಗೆ ಸಂಕಟ ಬಂದಾಗ ಪಕ್ಕದಲ್ಲಿ ನಿಲ್ಲಲಿ. ಪರದೇಶದಲ್ಲಿ ನಾಲ್ಕು ದಿನ ಇಟ್ಟಿಗೆ ಹೊರುವುದಕ್ಕಿಂತ ಇದು ಕಷ್ಟದ ಸೇವೆ, ಚಿತ್ರದಲ್ಲಿ ಕಾಣದ ಸೇವೆ.

ಚರ್ಚಿನ ಹಿರಿಯರಿಗೆ ನನ್ನ ಬಿನ್ನಹ ಇನ್ನೂ ಸರಳ. ಮುಂದಿನ ಯಾತ್ರೆಗೆ ಕೂಡಿಸಿದ ಹಣವನ್ನು ಎದುರಿಗಿಟ್ಟುಕೊಂಡು ಆ ಊರಿನ ಸಭೆಗೆ ಒಂದು ಪ್ರಶ್ನೆ ಬರೆಯಿರಿ: ನಾವು ಬಂದರೂ ಬರದಿದ್ದರೂ ಈ ಹಣ ನಿಮ್ಮದೇ, ನಿಮಗೇನು ಬೇಕು? ಮೊದಲ ಅರ್ಧವನ್ನು ಮರೆಯದೆ ಬರೆಯಿರಿ. ಬಂದ ಉತ್ತರಕ್ಕೆ ತಲೆಬಾಗಿ. ಲೆಕ್ಕ ನೋಡಲು ಒಬ್ಬಿಬ್ಬರು ಹೋಗಿಬಂದರೆ ಸಾಕು. ನೀವು ಮನೆ ಸೇರಿದ ಮೇಲೆ ಆ ಗೋಡೆಗೆ ಏಳು ದಿನ ನೀರು ಹಾಕುವವರು ಅಲ್ಲೇ ಇದ್ದಾರೆ. ಗೋಡೆಯನ್ನೂ ಅವರೇ ಕಟ್ಟಲಿ. ಕೂಲಿ ನೀವು ಕಳಿಸಿ.